ಡಾಂಬರಿನ ಅಂಚಿನ ಮೇಲೆ ನಾಲ್ಕು ಊರು

ಡಿಸೆಂಬರ್ ತಿಂಗಳ ಒಂದು ಸೋಮವಾರ, ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳ ತಂದೆ ಶಾಲೆಗೆ ಬಂದು ಬಾಗಿಲಲ್ಲಿ ನಿಂತರು. ಮಗಳು ಎಂಟು ದಿನದಿಂದ ಶಾಲೆಗೆ ಬಂದಿರಲಿಲ್ಲ. ಕುಳಿತುಕೊಳ್ಳಿ ಎಂದರೂ ಕೂಡಲಿಲ್ಲ.

"ಸೈಕಲ್ ಜಂತಿಗೆ ಕಟ್ಟೇನ್ರಿ ಸರ. ಗಾಲಿ ಗಾಳೀನೂ ಬಿಟ್ಟೇನಿ. ಬಸ್ ಟೈಮಿಗೆ ಸಾಲಿ ಇಲ್ಲ, ಸಾಲಿ ಟೈಮಿಗೆ ಬಸ್ ಇಲ್ಲ. ಜೀವ ಇದ್ರ ಸಾಲಿ ಅಲ್ರೀ?"

ಆದದ್ದು ಇಷ್ಟು. ಸಂಜೆ ಊರಿಗೆ ಮರಳುವಾಗ ಹಿಂದಿನಿಂದ ಒಂದು ಜೀಪು ಬಂತು. ಹಾರ್ನ್ ಹೊಡೆದರು, ಹುಡುಗಿ ಅಂಚಿಗೆ ಸರಿದಳು. ಮತ್ತೂ ಹೊಡೆದರು, ಇನ್ನೂ ಸರಿದಳು. ಜೀಪು ಮಾತ್ರ ದೂರ ಹೋಗುವುದು ಬಿಟ್ಟು ಅವಳತ್ತಲೇ ವಾಲಿತು. ಹಿಂದೆ ಜೋತುಬಿದ್ದಿದ್ದವನೊಬ್ಬ ಕೈ ಚಾಚಿ ಪಾಟೀಚೀಲ ಎಳೆದ. ಹುಡುಗಿ ಸೈಕಲ್ ಸಮೇತ ತಗ್ಗಿಗೆ ಬಿದ್ದಳು. ಗದ್ದಕ್ಕೆ ಮೂರು ಹೊಲಿಗೆ. ಗಾಡಿಯ ನಂಬರ್ ಅವಳು ನೋಡಿರಲಿಲ್ಲ. ಅವಳಿಗೆ ನೆನಪಿದ್ದದ್ದು ಜೀಪಿನೊಳಗಿನ ನಗು ಒಂದೇ.

ಆ ಸೈಕಲ್ಲೂ ಅವಳದಲ್ಲ, ಅಕ್ಕನದು. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಿತು. ಅದರಿಂದ ನಮ್ಮ ಭಾಗದ ಎಷ್ಟೋ ಹೆಣ್ಣುಮಕ್ಕಳು ಏಳನೇ ಇಯತ್ತೆಗೆ ಶಾಲೆ ಮುಗಿಸುವುದು ತಪ್ಪಿತು ಎಂಬುದನ್ನು ಹಾಜರಿ ಪುಸ್ತಕ ಬರೆಯುವ ನಾನು ಕಣ್ಣಾರೆ ಕಂಡಿದ್ದೇನೆ. 2020ರಲ್ಲಿ ಕೋವಿಡ್ ಬಂತು, ಸೈಕಲ್ ಹಂಚಿಕೆ ನಿಂತಿತು. ಹೀಗಾಗಿ ಅಕ್ಕನ ಸೈಕಲ್ ತಂಗಿಗೆ ಬರುವುದು ಈಗ ಮನೆಮನೆಯ ಪದ್ಧತಿ. ಅಂಥ ಸೈಕಲ್ಲು ಈಗ ದನದ ಕೊಟ್ಟಿಗೆಯ ಜಂತಿಗೆ ತೂಗುತ್ತಿತ್ತು.

"ಸಂಕ್ರಾಂತಿ ತನಕ ತಡೀರಿ, ದಾಖಲೆ ಮಾತ್ರ ತಗೀಬ್ಯಾಡ್ರಿ" ಎಂದು ತಂದೆಯನ್ನು ಕಳಿಸಿದೆ. ಆದರೆ ಸಂಕ್ರಾಂತಿಗೆ ಏನು ಹೇಳುವುದು? ನಾನೇ ಸೈಕಲ್ ಬಿಟ್ಟು ಮೋಟಾರ್ ಸೈಕಲ್ ಹತ್ತಿ ಹದಿನೈದು ವರ್ಷವಾಗಿತ್ತು. ಮಕ್ಕಳಿಗೆ ನಾನು ಕೊಡುತ್ತಿದ್ದ "ಎಡಕ್ಕ ಹೋಗ್ರಿ, ಹುಷಾರಾಗಿ ಹೋಗ್ರಿ" ಎಂಬ ಉಪದೇಶ ಬಸ್ ನಿಲ್ದಾಣದ ಗೋಡೆಬರಹದಷ್ಟೇ ಉಪಯೋಗದ್ದು. ಅಟ್ಟದ ಮೇಲಿನ ಹಳೆಯ ಸೈಕಲ್ ಇಳಿಸಿ, ಟೈರು ಬದಲಿಸಿ, ರಜೆಯ ದಿನ ಒಂದೊಂದು ರಸ್ತೆ ಹಿಡಿಯುವುದೆಂದು ಹೊರಟೆ. ಬೈಲಹೊಂಗಲದಿಂದ ಕಿತ್ತೂರು, ಆಮೇಲೆ ಸವದತ್ತಿ, ಅಲ್ಲಿಂದ ರಾಮದುರ್ಗ. ಮನೆಯವಳು "ಐವತ್ತು ದಾಟಿದ ಮ್ಯಾಲೆ ಇದೇನ ಹುಚ್ಚು" ಎಂದಳು. ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ.

ಮೊದಲ ಭಾನುವಾರ ಕಿತ್ತೂರು. ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನ ಸಮಾಧಿ ಇದೆ. 1824ರ ಅಕ್ಟೋಬರಿನಲ್ಲಿ ಥ್ಯಾಕರೆಯ ಸೈನ್ಯವನ್ನು ಸೋಲಿಸಿದ ರಾಣಿ ಕಡೆಗೆ ಇದೇ ಊರಿನಲ್ಲಿ ಸೆರೆಯಾಳಾಗಿ 1829ರಲ್ಲಿ ತೀರಿಕೊಂಡಳು. ಆ ಸಮಾಧಿಗೆ ಕೈಮುಗಿದು ಮುಂಜಾನೆ ಆರೂವರೆಗೆ ಪೆಡಲ್ ತುಳಿದೆ. ನಮ್ಮ ಭಾಗದ ವರ್ತುಲಗಳಲ್ಲಿ ಚೆನ್ನಮ್ಮ ಕುದುರೆಯ ಮೇಲಿದ್ದಾಳೆ, ಕತ್ತಿ ಹಿರಿದಿದ್ದಾಳೆ. ಇದೇ ತಾಲ್ಲೂಕಿನ ಬೆಳವಡಿ ಮಲ್ಲಮ್ಮ ಹೆಣ್ಣುಮಕ್ಕಳ ಪಡೆ ಕಟ್ಟಿದ್ದಳೆಂದು ಭಾಷಣಗಳಲ್ಲಿ ಹೇಳುತ್ತೇವೆ. ಕುದುರೆ ಹತ್ತಿದ ರಾಣಿಗೆ ಹಾರ ಹಾಕುವ ಊರುಗಳಲ್ಲಿ ಸೈಕಲ್ ಹತ್ತಿದ ಹುಡುಗಿಗೆ ದಾರಿ ಬಿಡಲು ಇಷ್ಟು ತಕರಾರು ಏಕೋ ನನಗೆ ತಿಳಿಯದು.

ಮೊದಲ ಐದಾರು ಕಿಲೋಮೀಟರಿನಲ್ಲೇ ಒಂದು ಸಂಗತಿ ಕೈಗೆ, ಅಂದರೆ ಬೆನ್ನಿಗೆ, ತಿಳಿಯಿತು. ಅಪಾಯ ಹಿಂದಿನಿಂದ ಬರುವ ಗಾಡಿಯೊಂದರಲ್ಲೇ ಇಲ್ಲ, ಡಾಂಬರಿನ ಅಂಚಿನಲ್ಲೂ ಇದೆ. ಬೈಲಹೊಂಗಲದ ಸುತ್ತಲಿನದು ಎರೆಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರಿಯುತ್ತದೆ. ವರ್ಷವರ್ಷ ಉಬ್ಬಿ ಕುಗ್ಗುವ ಮಣ್ಣಿನ ಮೇಲೆ ಹಾಕಿದ ಡಾಂಬರು ಮೊದಲು ಹರಿಯುವುದು ಅಂಚಿನಲ್ಲೇ. ಅದರ ಆಚೆಯ ಮಣ್ಣು ಕುಸಿದು ಗೇಣುದ್ದ ತಗ್ಗು ಬೀಳುತ್ತದೆ. ಹಾರ್ನಿಗೆ ಬೆದರಿ ಸೈಕಲ್ಲಿನ ಗಾಲಿ ಆ ತಗ್ಗಿಗೆ ಇಳಿಯಿತೋ, ಮತ್ತೆ ಮೇಲೆ ಹತ್ತಿಸಲು ಹೋದಾಗ ಗಾಲಿ ಅಂಚಿಗೆ ಉಜ್ಜಿ ಸವಾರ ರಸ್ತೆಯ ಕಡೆಗೇ ಬೀಳುತ್ತಾನೆ. ಎಡದ ತಗ್ಗಿಗೆ ಬಿದ್ದರೆ ಹೊಲಿಗೆ. ಬಲಕ್ಕೆ, ಗಾಡಿಯ ಗಾಲಿಯ ಕೆಳಗೆ ಬಿದ್ದರೆ ಹೇಳುವುದೇ ಬೇಡ.

ಆದ್ದರಿಂದ ನಾನು ಅಂಚು ಬಿಟ್ಟು ಒಂದೂವರೆ ಮೊಳ ಒಳಗೆ ಸೈಕಲ್ ಓಡಿಸತೊಡಗಿದೆ. ಇದು ಸೊಕ್ಕಿನ ಮಾತಲ್ಲ. ನಾನು ತೀರ ಅಂಚಿನಲ್ಲಿದ್ದಾಗ ಎದುರಿನಿಂದ ಬಸ್ಸು ಬರುತ್ತಿದ್ದರೂ ಹಿಂದಿನ ಗಾಡಿ ನಡುವೆ ತೂರಿಕೊಂಡು ಹೋಗುತ್ತಿತ್ತು. ತುಸು ಒಳಗಿದ್ದಾಗ ಚಾಲಕ ಒಂದು ಕ್ಷಣ ತಡೆದು ಯೋಚಿಸಲೇಬೇಕಾಯಿತು. ಬೈಗುಳ ಹೆಚ್ಚಾದವು ನಿಜ. ಕಿತ್ತೂರು ಮುಟ್ಟುವುದರೊಳಗೆ "ಏ ಕಾಕಾ, ರಸ್ತೆ ನಿಮ್ಮಪ್ಪಂದೇನು?" ಎಂಬುದನ್ನು ಎರಡು ಸಲ ಕೇಳಿದೆ. ಆದರೆ ಮೈಗೆ ತಾಗುವ ಹಾಗೆ ಹೋದ ಗಾಡಿಗಳು ಕಡಿಮೆಯಾದವು. ಬೈಗುಳಕ್ಕೆ ಹೊಲಿಗೆ ಹಾಕಬೇಕಾಗಿಲ್ಲವಲ್ಲ.

ಕಿತ್ತೂರಿನ ಮಗ್ಗುಲಲ್ಲಿ ರಾಷ್ಟ್ರೀಯ ಹೆದ್ದಾರಿ 48, ನಾವು ಇನ್ನೂ ಬಾಯಿತಪ್ಪಿ ನಾಲ್ಕನೇ ನಂಬರ್ ಎನ್ನುವ ಪುಣೆ-ಬೆಂಗಳೂರು ರಸ್ತೆ. ಅದರ ಮೇಲೆ ಸೈಕಲ್ ಹತ್ತಿಸಿ ಅರ್ಧ ಕಿಲೋಮೀಟರ್ ಹೋಗಿ ಬೇಗ ಸರ್ವಿಸ್ ರಸ್ತೆಗೆ ಇಳಿದುಬಿಟ್ಟೆ. ದೊಡ್ಡ ಕಂಟೇನರ್ ಲಾರಿ ಪಕ್ಕದಲ್ಲಿ ಹಾದಾಗ ಮೊದಲು ಅದರ ಮೂತಿಯ ಗಾಳಿ ಸೈಕಲ್ಲನ್ನು ಆಚೆ ನೂಕುತ್ತದೆ. ಮರುಗಳಿಗೆ ಲಾರಿಗೂ ನಮಗೂ ನಡುವೆ ರಭಸದಿಂದ ಹರಿಯುವ ಗಾಳಿಯ ಒತ್ತಡ ಇಳಿದು ಸೈಕಲ್ಲು ಲಾರಿಯ ಕಡೆಗೆ ಸೆಳೆಯುತ್ತದೆ. ಡೇನಿಯಲ್ ಬರ್ನೂಲಿ 1738ರಲ್ಲೇ ಪುಸ್ತಕ ಬರೆದು ವಿವರಿಸಿದ ತತ್ತ್ವದ ನಂಟು ಇದಕ್ಕಿದೆ. ಕರಿಹಲಗೆಯ ಮೇಲೆ ಇಪ್ಪತ್ತೈದು ವರ್ಷ ಬರೆದಿದ್ದೇನೆ, ಮೈಯಿಂದ ಕಲಿತದ್ದು ಅಂದು. ಜೊತೆಗಾರರಿಗೆ ಕೈಬೀಸುತ್ತ ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿಯುವ ಹುಡುಗರು ಇದನ್ನು ಗಮನಿಸಬೇಕು. ಲಾರಿ ಬರುವ ಸದ್ದು ಕೇಳಿದೊಡನೆ ಎರಡೂ ಕೈ ಹ್ಯಾಂಡಲ್ಲಿನ ಮೇಲಿರಲಿ.

ಸವದತ್ತಿಯ ದಾರಿಯೇ ಬೇರೆ. ನಾನು ಹೋದಾಗ ಒಂದು ಕಡೆ ಕಬ್ಬು ನುರಿಸುವ ಹಂಗಾಮು, ಇನ್ನೊಂದು ಕಡೆ ಯಲ್ಲಮ್ಮನ ಜಾತ್ರೆಯ ದಿನಗಳು. ಬಾನದ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಯ ತನಕ ಯಲ್ಲಮ್ಮನಗುಡ್ಡಕ್ಕೆ ಜನ ಹರಿದುಬರುತ್ತಾರೆ. ಕೊಲ್ಲಾಪುರ, ಸಾಂಗಲಿ, ಸೊಲ್ಲಾಪುರದ ಕಡೆಯವರು ರಾತ್ರಿಯಿಡೀ ಪಯಣಿಸಿ ಬರುವುದೂ ಉಂಟು. ಸವಾರಿ ಗಾಡಿಗಳ ನಡುವೆ ಎತ್ತಿನ ಬಂಡಿಗಳು, ಎತ್ತಿನ ಕೊರಳ ಗೆಜ್ಜೆ, ಕೋಡಿಗೆ ಬಣ್ಣ, ಬಂಡಿಯೊಳಗೆ ಅಜ್ಜಿ ಮೊಮ್ಮಕ್ಕಳು. ಒಂದು ಮಾತು ಕುತೂಹಲದ್ದು. ಎತ್ತಿನ ಬಂಡಿ ಸೈಕಲ್ಲಿಗಿಂತ ನಿಧಾನ, ಸೈಕಲ್ಲಿಗಿಂತ ಅಗಲ. ಆದರೂ ಅದಕ್ಕೆ ಯಾರೂ ಬೈಯುವುದನ್ನು ನಾನು ಕಾಣಲಿಲ್ಲ. "ಉಧೋ ಉಧೋ" ಎನ್ನುತ್ತ ಬಂಡಿಯನ್ನು ಬಳಸಿ ಹೋದ ಟೆಂಪೋ, ಅದರ ಮುಂದಿದ್ದ ನನ್ನನ್ನು ಮಾತ್ರ ಅಂಚಿಗೆ ಒತ್ತಿತು. ನಿಧಾನಕ್ಕಲ್ಲ ಸಿಟ್ಟು. ಬಂಡಿಯಲ್ಲಿ ಎತ್ತು ಕಾಣುತ್ತದೆ, ಕುಟುಂಬ ಕಾಣುತ್ತದೆ. ಸೈಕಲ್ಲಿನ ಮೇಲಿರುವವನು ಹಿಂದಿನಿಂದ ಬರೀ ಒಂದು ಬೆನ್ನು.

ಇದೇ ದಾರಿಯಲ್ಲಿ ನಾನು ಮಾಡಿದ ದಡ್ಡತನವನ್ನೂ ಹೇಳಿಬಿಡುತ್ತೇನೆ. ಆ ಟೆಂಪೋದ ಹಿಂದೆ ಬಂದ ಒಂದು ಕ್ರೂಸರ್, ಹಾಡಿನಂತೆ ಏರಿಳಿಯುವ ಹಾರ್ನನ್ನು ಕಿವಿಯ ಪಕ್ಕದಲ್ಲೇ ಊದಿತು. ಅಂಥ ಬಹುಸ್ವರದ ಹಾರ್ನುಗಳನ್ನು ಕೇಂದ್ರ ಮೋಟಾರು ವಾಹನ ನಿಯಮ 1989 ನಿಷೇಧಿಸಿದೆ. ನನಗೆ ರೇಗಿತು. ಮುಷ್ಟಿ ಎತ್ತಿ, ವಿದ್ಯಾರ್ಥಿಗಳ ಮುಂದೆ ಆಡಬಾರದ ಒಂದು ಮಾತು ಒದರಿದೆ. ಕ್ರೂಸರ್ ನೂರು ಗಜ ಮುಂದೆ ಹೋಗಿ ರಸ್ತೆಗೆ ಅಡ್ಡ ನಿಂತಿತು. ಮೂವರು ಇಳಿದರು. ಒಬ್ಬನ ಕೈಯಲ್ಲಿ ಜಾಕಿನ ರಾಡು.

ಎದೆ ಡವಗುಟ್ಟಿತು. ಓಡಿಹೋಗಲು ಎಡಬಲ ಜೋಳದ ಹೊಲ. ಸೈಕಲ್ ಇಳಿದೆ. ಬಾಯಿಗೆ ಬಂದದ್ದು ಒಂದೇ, ಹಳ್ಳಿಯ ಬಸ್ಸಿನಲ್ಲಿ ಪಕ್ಕ ಕುಂತವರನ್ನು ಕೇಳುವ ಪ್ರಶ್ನೆ: "ಯಾವ ಊರಾಯ್ತು ತಮ್ಮಾ ನಿಮ್ದು?"

ರಾಡು ಹಿಡಿದವನು ಊರಿನ ಹೆಸರು ಹೇಳಿಬಿಟ್ಟ! ಆ ಊರಿನಲ್ಲಿ ನನ್ನ ಸೋದರಮಾವನ ಬೀಗರಿದ್ದರು. ಅವರ ಮನೆತನದ ಹೆಸರು ಹೇಳಿದೆ. ಆತ ರಾಡನ್ನು ಇನ್ನೊಂದು ಕೈಗೆ ವರ್ಗಾಯಿಸಿ, "ಅವ್ರು ನಮ್ಮ ಓಣ್ಯಾಗ ಅದಾರ್ರಿ. ನೀವು ಮಾಸ್ತರ್ರೇನ್ರಿ?" ಎಂದ. ಮೂರು ರಾತ್ರಿ ನಿದ್ದೆಯಿಲ್ಲದೆ ಗಾಡಿ ಓಡಿಸುತ್ತಿದ್ದನಂತೆ. "ನೀವು ಬೈದ್ರಿ, ಅದಕ್ಕ ತಲಿ ಕೆಟ್ಟತ್ರಿ" ಎಂದ. ನಾನೂ ತಪ್ಪೊಪ್ಪಿಕೊಂಡೆ. ಕಾಲು ನಡುಗುವುದು ನಿಲ್ಲಲು ಮಾತ್ರ ಕಾಲು ತಾಸು ಬೇಕಾಯಿತು. ಇದೇ ಪ್ರಶ್ನೆ ಹದಿನಾಲ್ಕರ ಹುಡುಗಿಯನ್ನು ಕಾಪಾಡೀತೆಂದು ನಾನು ಹೇಳಲಾರೆ. ನನ್ನ ತಲೆಗೂದಲು ಬಿಳಿ, ಅದೂ ಕೆಲಸ ಮಾಡಿರಬಹುದು. ಆದರೆ ಮೊದಲ ಮುಷ್ಟಿ ಎತ್ತದಿದ್ದರೆ ಆ ಗಾಡಿ ನಿಲ್ಲುತ್ತಲೇ ಇರಲಿಲ್ಲ ಎಂಬುದು ಖಂಡಿತ. ಗಾಡಿ ಮುಂದೆ ಹೋದರೆ ಹೋಗಲಿ, ನಮಗೆ ಬೇಕಾದದ್ದೂ ಅದು ಮುಂದೆ ಹೋಗುವುದೇ. ಸುಮ್ಮನೆ ಬ್ರೇಕ್ ಹಿಡಿದು, ಕೆಳಗಿಳಿದು, ನಂಬರಿನ ಕಡೆಯ ನಾಲ್ಕು ಅಂಕಿ ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

ಸವದತ್ತಿ ಇನ್ನೂ ದೂರವಿರುವಾಗ ಒಂದು ಚಹಾದ ಅಂಗಡಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಚಾಲಕನೊಬ್ಬ ಮಿರ್ಚಿ ತಿನ್ನುತ್ತ ಕುಳಿತಿದ್ದ. ಇಪ್ಪತ್ತೆರಡರ ವಯಸ್ಸು ಇದ್ದೀತು. ಹಿಂದೆ ಎರಡು ಟ್ರೇಲರ್, ಎರಡರಲ್ಲೂ ಕಬ್ಬು ಪಕ್ಕೆಯಿಂದ ಹೊರಚಾಚುವಷ್ಟು ಹೇರು. ನಾನು ಸೈಕಲ್ ಸವಾರನ ಕಷ್ಟ ಹೇಳಿಕೊಂಡೆ. ಅವನು ತನ್ನದು ಹೇಳಿದ.

"ಸರ, ಕನ್ನಡ್ಯಾಗ ನನಗ ಕಬ್ಬ ಕಾಣಸ್ತತಿ, ಹಿಂದಿನ ರಸ್ತೆ ಕಾಣಸೂದಿಲ್ಲ. ಬ್ರೇಕ್ ಹಾಕಿದ್ರ ಟ್ರ್ಯಾಕ್ಟರ್ ನಿಂದ್ರತತಿ, ಟ್ರೇಲರ್ ದೂಡ್ತತಿ. ಸೈಕಲ್ ಸಲುವಾಗಿ ನಿಲ್ಲಸಾಕ ಹ್ವಾದ್ರ ನಾನ ಪಲ್ಟಿ ಆಕ್ಕೇನಿ. ಟ್ರಿಪ್ ಲೆಕ್ಕದ ಪಗಾರ, ಕಾರಖಾನಿ ಮುಂದ ಪಾಳಿ ತಪ್ಪಿದ್ರ ದಿನಾನ ಹ್ವಾದಂಗ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅಂಗಡಿಯ ಹಳೇ ಪೇಪರಿನ ಮೇಲೆ ಅವನಿಗೊಂದು ಲೆಕ್ಕ ಮಾಡಿ ತೋರಿಸಿದೆ. ವಿದ್ಯಾರ್ಥಿಗಳು ಮನೆಯಲ್ಲಿ ಮಾಡಿ ನೋಡಬಹುದು. ಹುಡುಗಿ ಮತ್ತು ಸೈಕಲ್ ಸೇರಿ 60 ಕೆಜಿ, ವೇಗ ತಾಸಿಗೆ 15 ಕಿ.ಮೀ. ಕಬ್ಬು ತುಂಬಿದ ಗಾಡಿ 15 ಟನ್ ಎಂದು ಹಿಡಿಯಿರಿ, ವೇಗ 30 ಕಿ.ಮೀ. ತೂಕ 250 ಪಟ್ಟು, ವೇಗ 2 ಪಟ್ಟು. ಚಲನಶಕ್ತಿಯಲ್ಲಿ ವೇಗದ ವರ್ಗ ಬರುವುದರಿಂದ 2ರ ಬದಲು 4. ಒಟ್ಟು 1,000 ಪಟ್ಟು. "ನಿನ್ನ ಗಾಡಿಯೊಳಗ ಆಕಿಯಂಥಾ ಸಾವಿರ ಸೈಕಲ್ಲಿನ ಶಕ್ತಿ ಐತಿ" ಎಂದೆ. ಅವನು ಪೇಪರನ್ನು ತಿರುಗಿಸಿ ನೋಡಿ, "ಇದನ್ನ ಮಾಲಕರಿಗೆ ತೋರಸ್ರಿ ಸರ, ಎರಡನೇ ಟ್ರೇಲರ್ ಹೂಡೂದು ಅವ್ರು" ಎಂದ. ಆ ಉತ್ತರ ನನ್ನ ಲೆಕ್ಕಕ್ಕಿಂತ ಮೇಲಿನದು.

ಅವನು ಕಲಿಸಿದ ಇನ್ನೊಂದು ಪಾಠವಿದೆ. ಟ್ರ್ಯಾಕ್ಟರ್ ನಿಮ್ಮನ್ನು ದಾಟಿತೆಂದು ಒಳಕ್ಕೆ ಸರಿಯಬೇಡಿ, ಹಿಂದೆ ಇನ್ನೂ ಎರಡು ಟ್ರೇಲರ್ ಇವೆ. ತಿರುವಿನಲ್ಲಿ ಅವುಗಳ ಗಾಲಿ ಟ್ರ್ಯಾಕ್ಟರಿನ ಜಾಡಿನಲ್ಲೇ ಬರುವುದಿಲ್ಲ, ಒಳಮಗ್ಗುಲಿಗೆ ಕೊರೆದು ಬರುತ್ತವೆ. ಎಡ ತಿರುವಿನಲ್ಲಿ ಆ ಒಳಮಗ್ಗುಲೆಂದರೆ ಸೈಕಲ್ಲಿನವರು ಇರುವ ಜಾಗವೇ. ಕಬ್ಬಿನ ಗಾಡಿ ಬಂದರೆ ತಿರುವಿಗೆ ಮೊದಲೇ ಇಳಿದು ನಿಲ್ಲಬೇಕು. ಅದರಲ್ಲಿ ಮಾನ ಹೋಗುವುದೇನಿಲ್ಲ.

ಕಾನೂನಿನ ಮಾತನ್ನೂ ಪಾಲಕರು ತಿಳಿದಿರುವುದು ಒಳ್ಳೆಯದು. ಮೋಟಾರು ವಾಹನ ಕಾಯ್ದೆ 1988ರ ಕಲಂ 184 ಅಪಾಯಕಾರಿ ಚಾಲನೆಯ ಕುರಿತಾದದ್ದು. 2019ರ ತಿದ್ದುಪಡಿಯ ಮೇಲೆ ಮೊದಲ ತಪ್ಪಿಗೆ ಆರು ತಿಂಗಳಿಂದ ಒಂದು ವರ್ಷದ ಸೆರೆ, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಜರ್ಮನಿಯಲ್ಲಿ 2020ರಿಂದ ಸೈಕಲ್ ದಾಟುವ ಗಾಡಿ ಊರೊಳಗೆ ಒಂದೂವರೆ ಮೀಟರ್, ಊರಾಚೆ ಎರಡು ಮೀಟರ್ ಅಂತರ ಬಿಡಬೇಕೆಂದು ಅಳತೆಯನ್ನೇ ಬರೆದಿಟ್ಟಿದ್ದಾರೆ. ನಮ್ಮ ಹಳ್ಳಿಯ ರಸ್ತೆಗಳಲ್ಲಿ ಎದುರು ಬಸ್ಸು ಬಂದಾಗ ಎರಡು ಮೀಟರ್ ಎಲ್ಲಿಂದ ತರುವುದು ಎಂದು ನಗಬಹುದು. ಹಿಂದೆ ನಿಂತು ತಡೆಯುವುದರಿಂದ ತರಬೇಕು. ಹಾಳಾಗುವುದು ಅರ್ಧ ನಿಮಿಷ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ.

ರಾಮದುರ್ಗಕ್ಕೆ ಹೋದದ್ದು ಸಂಕ್ರಾಂತಿಯ ಹಿಂದಿನ ವಾರ. ರಾತ್ರಿ ಸವದತ್ತಿಯ ಗೆಳೆಯರ ಮನೆಯಲ್ಲಿ ತಂಗಿ ಬೆಳಗಿನ ಜಾವ ಹೊರಟೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ಮಂಜಿನಲ್ಲಿ ಅರ್ಧಂಬರ್ಧ ಕಾಣುತ್ತಿದ್ದವು. ಮಲಪ್ರಭೆ ನವಿಲುತೀರ್ಥದ ಅಣೆಕಟ್ಟು ದಾಟಿ ಹರಿಯುವುದೂ ರಾಮದುರ್ಗದ ಕಡೆಗೇ. 2019ರ ಆಗಸ್ಟಿನಲ್ಲಿ ಇದೇ ನದಿ ದಂಡೆಯ ಊರುಗಳನ್ನು ಮುಳುಗಿಸಿತ್ತು. ದಾರಿ ಚೆಂದ, ಗಾಡಿಗಳೂ ಕಡಿಮೆ. ಇಲ್ಲಿ ಏನೂ ಆಗಲಿಕ್ಕಿಲ್ಲ ಎಂದುಕೊಂಡೆ.

ರಾಮದುರ್ಗ ಏಳೆಂಟು ಕಿಲೋಮೀಟರ್ ಇರುವಾಗ ಹಿಂದಿನಿಂದ ಮೋಟಾರ್ ಸೈಕಲ್ ಬಂತು, ಮೂವರು ಹುಡುಗರು. ಪಕ್ಕಕ್ಕೆ ಬಂದು ಹಿಂದಿನವನು ನನ್ನ ಕ್ಯಾರಿಯರಿಗೆ ಕಾಲು ಕೊಟ್ಟು ನೂಕಿದ. ಸೈಕಲ್ ಹಾವಿನ ಹಾಗೆ ಹೊರಳಾಡಿ ಹೇಗೋ ನಿಂತಿತು. ಅದೇ ನಗು ಕೇಳಿಸಿತು. ಗದ್ದಕ್ಕೆ ಮೂರು ಹೊಲಿಗೆ ಬಿದ್ದ ಹುಡುಗಿ ಹೇಳಿದ್ದ ನಗು ಇದೇ ಇರಬೇಕು ಅನಿಸಿತು. ಒದರಲಿಲ್ಲ. ನಂಬರ್ ನೋಡಿದೆ, ನಂಬರ್ ಫಲಕದ ಮೇಲೆ ಬರೆಸಿದ್ದ ಮನೆತನದ ಹೆಸರನ್ನೂ ನೋಡಿದೆ. ನಮ್ಮ ಜನ ನಂಬರಿಗಿಂತ ದೊಡ್ಡದಾಗಿ ಹೆಸರು ಬರೆಸುತ್ತಾರೆ, ಅದು ಉಪಯೋಗಕ್ಕೆ ಬಂತು.

ಮುಂದಿನ ಊರಿನ ಪಂಕ್ಚರ್ ಅಂಗಡಿಯಲ್ಲಿ ಹೆಸರು ಹೇಳಿದರೆ ಮನೆಯನ್ನೇ ತೋರಿಸಿದರು. ಕಟ್ಟೆಯ ಮೇಲೆ ಕುಳಿತಿದ್ದ ತಂದೆ ಸೈಕಲ್ಲಿನ ಮೇಲೆ ಬಂದ ಬಿಳಿಗೂದಲಿನವನಿಗೆ ನೀರು ಬೆಲ್ಲ ಕೊಟ್ಟರು. ನಾನು ದೂರು ಹೇಳಲಿಲ್ಲ, "ನಿಮ್ಮ ಹುಡುಗ ಎಷ್ಟನೇ ಇಯತ್ತೆ?" ಎಂದು ಕೇಳಿದೆ. ಹತ್ತನೇ ಇಯತ್ತೆ. ಆಮೇಲೆ ಕಲಂ 199ಎ ಹೇಳಿದೆ. ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ತಪ್ಪು ಮಾಡಿದರೆ ಗಾಡಿಯ ಮಾಲೀಕನಿಗೆ, ಪಾಲಕನಿಗೆ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ. ಅವರು ಗಾಬರಿಯಾಗಿ ಏನಾಯಿತೆಂದು ಕೇಳಿದರು. ಹೇಳಿದೆ. ಒಳಗಿನಿಂದ ತಾಯಿ ಬಾಗಿಲಿಗೆ ಬಂದು ನಿಂತಳು. "ನಮ್ಮ ಹುಡುಗೀನೂ ಸೈಕಲ್ ಮ್ಯಾಲೇ ಸಾಲಿಗೆ ಹೋಗ್ತಾಳ್ರಿ" ಎಂದಳು, ಗಂಡನ ಕಡೆಗೆ ನೋಡುತ್ತ. ನಾನು ಹೊರಟಾಗ ಹುಡುಗ ಇನ್ನೂ ಮನೆಗೆ ಬಂದಿರಲಿಲ್ಲ. ಗಾಡಿಯ ಕೀಲಿಕೈ ಆ ರಾತ್ರಿ ಯಾರ ಕಿಸೆಯಲ್ಲಿತ್ತೋ.

ಸಂಕ್ರಾಂತಿ ಮುಗಿದ ಮರುದಿನ ಹುಡುಗಿಯ ಮನೆಗೆ ಹೋದೆ. ತಂದೆಯೊಡನೆ ಆ ನಾಲ್ಕು ಕಿಲೋಮೀಟರ್ ನಡೆದೆವು. ಒಂದೂವರೆ ಕಿಲೋಮೀಟರಿನಷ್ಟನ್ನು ಹೊಲದ ಬಂಡಿದಾರಿಯಿಂದ ತಪ್ಪಿಸಬಹುದಿತ್ತು. ಮಳೆಗಾಲದಲ್ಲಿ ಎರೆಮಣ್ಣು ಗಾಲಿ ಬಿಡುವುದಿಲ್ಲ, ಆಗ ಬೇರೆ ವಿಚಾರ ಮಾಡಬೇಕು. ಓಣಿಯ ಇನ್ನಿಬ್ಬರು ಹುಡುಗಿಯರು ಜೊತೆಯಾಗುವುದೆಂದಾಯಿತು, ಒಬ್ಬರ ಹಿಂದೊಬ್ಬರು, ನಡುವೆ ಎರಡು ಸೈಕಲ್ ಅಂತರ. ಮೂವರನ್ನೂ ಶಾಲೆ ಬಿಟ್ಟ ಕೂಡಲೇ, ಬೆಳಕಿರುವಾಗಲೇ ಕಳಿಸುವುದು ನನ್ನ ಪಾಲಿನ ಕೆಲಸ. ಬಲಗಡೆಯ ಹ್ಯಾಂಡಲ್ಲಿಗೆ ಒಂದು ಸಣ್ಣ ಕನ್ನಡಿ ಹಾಕಿಸಿದೆ, ಹಿಂದಿನ ಮಡ್‌ಗಾರ್ಡಿಗೆ ಟ್ರ್ಯಾಕ್ಟರಿಗೆ ಅಂಟಿಸುವ ಕೆಂಪು ಹೊಳೆಯುವ ಪಟ್ಟಿ. ಬೆಳಕು ಯಾವ ಕಡೆಯಿಂದ ಬಂತೋ ಅದೇ ಕಡೆಗೆ ತಿರುಗಿ ಕಳಿಸುವುದು ಅದರ ಗುಣ. 1969ರಲ್ಲಿ ಅಪೊಲೊ 11ರವರು ಚಂದ್ರನ ಮೇಲೆ ಇಟ್ಟುಬಂದ ಪ್ರತಿಫಲಕವೂ ಅದೇ ಗುಣದ್ದು ಎಂದೆ. ತಂದೆ "ಅಲ್ಲೂ ಟ್ರ್ಯಾಕ್ಟರ್ ಅದಾವೇನ್ರಿ?" ಎಂದರು. ಮಗಳು ಎಂಟು ವಾರದಲ್ಲಿ ಮೊದಲ ಸಲ ನಕ್ಕಳೆಂದು ತಾಯಿ ಆಮೇಲೆ ಹೇಳಿದಳು.

ಜೀಪಿನವರು ಯಾರೆಂದು ತಿಳಿಯಲೇ ಇಲ್ಲ. ಜೊತೆಯಾದ ಇಬ್ಬರಲ್ಲಿ ಒಬ್ಬಳನ್ನು ಹದಿನೈದು ದಿನಕ್ಕೇ ಮನೆಯವರು ಬಿಡಿಸಿದರು, ಕಾರಣ ಸೈಕಲ್ಲಲ್ಲ, ಸೋಯರಿಕೆ. ಆ ಮನೆಗೂ ಎರಡು ಸಲ ಹೋಗಿಬಂದಿದ್ದೇನೆ, ಮೂರನೆಯ ಸಲ ಹೋಗುವವನಿದ್ದೇನೆ.

ಈ ಹುಡುಗಿ ಮಾತ್ರ ಬರುತ್ತಿದ್ದಾಳೆ. ಮೊದಲ ದಿನ ಶಾಲೆಯ ಬೇವಿನ ಮರದ ಕೆಳಗೆ ನಿಲ್ಲಿಸಿದ ಸೈಕಲ್ ನೋಡಲು ಹೋದೆ. ಗಾಲಿಗೆ ಗಾಳಿ ಬಿಗಿಯಾಗಿತ್ತು, ಬ್ರೇಕ್ ಸರಿಯಾಗಿತ್ತು, ಕೆಂಪು ಪಟ್ಟಿ ಹೊಳೆಯುತ್ತಿತ್ತು. ಹ್ಯಾಂಡಲ್ಲಿಗೆ ತಂದೆ ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ ಪೋಣಿಸಿ ಕಟ್ಟಿದ್ದರು, ಲಾರಿಗಳಿಗೆ ಕಟ್ಟುವ ಹಾಗೆ. ವಿಜ್ಞಾನದ ಮಾಸ್ತರನಾಗಿ ನಾನು ಏನಾದರೂ ಹೇಳಬೇಕಿತ್ತೇನೋ. ಕನ್ನಡಿಗೆ ಅಡ್ಡ ಬರುತ್ತಿದ್ದ ಮೆಣಸಿನಕಾಯಿಯೊಂದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ತರಗತಿಗೆ ಹೋದೆ.